ಐದು ಸಾವಿರದ ಹನ್ನೆರಡು

...ಅಥವಾ ಆ ದಿನ ಭಾನುವಾರವೇ ಆಗಿರಲಿಲ್ಲವೋ ಏನೋ. ಕಾಲೇಜಿಗೆ ರಜೆ ಇತ್ತು, ಅಷ್ಟು ಸರಿ. ರಜೆ ಎಂದ ಮೇಲೆ ಭಾನುವಾರವೇ ಇರಬೇಕು ಎಂದು ಆಮೇಲೆ ಯಾವಾಗಲೋ ನಾನೇ ಸೇರಿಸಿಕೊಂಡಿರಬಹುದು. ನನ್ನ ನೆನಪಿಗೆ ಈ ಚಾಳಿ ಇದೆ. ಎಲ್ಲಿ ತೂತು ಕಂಡರೂ ಕೈಗೆ ಸಿಕ್ಕಿದ ಬಟ್ಟೆ ತುರುಕಿ ಮುಚ್ಚಿ, ಮೇಲೊಂದು ಚಂದದ ಹೊಲಿಗೆ ಹಾಕಿಬಿಡುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರೆಯುವುದರಲ್ಲಿ ಆ ವಾಸನೆಯ ವಿಷಯ ಒಂದನ್ನು ಮಾತ್ರ ನಾನು ಆಣೆ ಹಾಕಿ ಹೇಳಬಲ್ಲೆ.

ವಾಸನೆ ಎಂದರೂ ಪೂರ್ತಿ ಸರಿಯಲ್ಲ. ಗೋಲಿ ಸೋಡಾ ಬಿಚ್ಚಿದ ಕೂಡಲೇ ಮೂಗಿನೊಳಗೆ ಒಂದು ಚುರುಕು ಏಳುತ್ತದಲ್ಲ, ಅದು. ಕಳೆದ ವಾರ ಪುಂಜಾಲಕಟ್ಟೆಯ ಒಂದು ಸಭಾಭವನದಲ್ಲಿ ನೆಂಟರ ಮದುವೆ. ಈಗೆಲ್ಲ ಮದುಮಗ ಮದುಮಗಳು ಬಾಗಿಲಿನಿಂದ ವೇದಿಕೆಯವರೆಗೆ ನಡೆದು ಬರುವಾಗ ನೆಲದ ಮೇಲೆ ಬಿಳಿ ಹೊಗೆ ಬಿಡುತ್ತಾರೆ, ಮೋಡದ ಮೇಲೆ ನಡೆದ ಹಾಗೆ ವಿಡಿಯೋದಲ್ಲಿ ಕಾಣಲಿ ಎಂದು. ನನ್ನ ಕರವಸ್ತ್ರ ಕೆಳಗೆ ಬಿತ್ತು. ತೆಗೆಯಲು ಬಗ್ಗಿದಾಗ ಆ ಹೊಗೆ ಕುರ್ಚಿಗಳ ಕಾಲುಗಳ ನಡುವಿನಿಂದ ಹರಿದು ಬಂದು ಮುಖಕ್ಕೆ ತಾಗಿತು. ತಣ್ಣಗೆ. ಮೂಗಿನೊಳಗೆ ಆ ಚುರುಕು. ಎದ್ದು ಕೂತಾಗ ಪಕ್ಕದಲ್ಲಿದ್ದ ಚಿಕ್ಕಮ್ಮ, "ಎಂಥ ಆಯ್ತು ನಿನಗೆ, ಮುಖ ಯಾಕೆ ಹೀಗೆ?" ಎಂದರು. ಏನಿಲ್ಲ ಎಂದೆ. ಮದುಮಗಳ ಸೀರೆಯ ಬಣ್ಣ ಈಗ ನೆನಪಿಲ್ಲ. ಒಂದು ಅಂಕಿ ಮಾತ್ರ ತಲೆಯೊಳಗೆ ಬಂದು ಕೂತಿತ್ತು. ಐದು ಸಾವಿರದ ಹನ್ನೆರಡು.

ಆ ಅಂಕಿಯನ್ನು ನಾನು ಒಬ್ಬರಿಗೆ ಹೇಳಿದ್ದೆ. ಹೇಳಬಾರದಿತ್ತೋ, ಹೇಳಿದ್ದು ಸರಿಯೋ, ಏಳೆಂಟು ವರ್ಷದಿಂದ ತೀರ್ಮಾನವಾಗಿಲ್ಲ.

ಅವರನ್ನು ಮಡಂತ್ಯಾರಿನಲ್ಲಿ ಎಲ್ಲರೂ ಕಂಪ್ಯೂಟರ್ ಮಾಷ್ಟ್ರು ಎನ್ನುತ್ತಿದ್ದರು. ಹಿಂದೊಮ್ಮೆ ಮಕ್ಕಳಿಗೆ ಟೈಪಿಂಗ್ ಕಲಿಸುತ್ತಿದ್ದರಂತೆ, ಆ ಹೆಸರು ಉಳಿದುಕೊಂಡಿತ್ತು. ನಾನು ಕಂಡಾಗ ಅವರದು ರಿಪೇರಿ ಅಂಗಡಿ. ಪೇಟೆಯ ಮುಖ್ಯ ರಸ್ತೆಯಲ್ಲಿ, ಒಂದು ಮೆಟ್ಟಿಲು ಹತ್ತಿ ಎರಡು ಹೆಜ್ಜೆ ಇಟ್ಟರೆ ಹಿಂದಿನ ಗೋಡೆ. ನಾನಾಗ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳು ಕೆಟ್ಟಾಗಲೆಲ್ಲ ಅವರು ಸ್ಕೂಟರಿನಲ್ಲಿ ಬರುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಮೈ, ಕಿಸೆಯಲ್ಲಿ ಯಾವಾಗಲೂ ಚಿತ್ರ ಬರೆಯುವವರ ಒಂದು ಸಣ್ಣ ಬ್ರಶ್ಶು. ಬೋರ್ಡಿನ ಮೇಲಿನ ಧೂಳನ್ನು ಅವರು ಊದುತ್ತಿರಲಿಲ್ಲ, ಬ್ರಶ್ಶಿನಿಂದ ಮೆಲ್ಲಗೆ ಗುಡಿಸುತ್ತಿದ್ದರು. ಒಳಗೆ ಇರುವೆ ಗೂಡು ಮಾಡಿದ್ದರೆ ಅವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಕಿಟಕಿಯ ಹೊರಗೆ ಬಿಟ್ಟು ಬರುತ್ತಿದ್ದರು. ಜೈನರ ಮನೆಯವರು ಎಂದು ನನಗೆ ತಿಳಿದದ್ದು ಹಾಗೆ. ಯಾರೋ ಹೇಳಿದ್ದೂ ಇರಬಹುದು. ಇರುವೆಯ ಕಥೆ ಚೆನ್ನಾಗಿದೆ ಎಂದು ಅದನ್ನೇ ಇಟ್ಟುಕೊಂಡಿರಬಹುದು.

ಒಂದು ದಿನ ಲ್ಯಾಬಿನಲ್ಲಿ ಕೇಳಿದರು, "ಮೇಡಂ, ನಿಮ್ಮಲ್ಲಿ ಮೈನಸ್ ತೋರಿಸುವ ಮೀಟರ್ ಉಂಟಾ? ಉಷ್ಣತೆಯದ್ದು?"

"ಎಷ್ಟು ಮೈನಸ್?"

"ಎಪ್ಪತ್ತು, ಎಂಬತ್ತು."

"ಮಡಂತ್ಯಾರಿನಲ್ಲಿ ಅಷ್ಟು ಚಳಿ ಯಾವಾಗ ಶುರುವಾಯ್ತು ಮಾಷ್ಟ್ರೇ?"

ಅವರು ನಗಲಿಲ್ಲ. ಕೈಯಲ್ಲಿದ್ದ ಬೋರ್ಡನ್ನು ಕೆಳಗಿಟ್ಟು ವಿವರಿಸಿದರು. ಕಂಪ್ಯೂಟರಿನ ಪ್ರೊಸೆಸರಿಗೆ ಕಾರ್ಖಾನೆಯವರು ಒಂದು ವೇಗ ಗೊತ್ತುಮಾಡಿ ಕಳುಹಿಸುತ್ತಾರೆ. ಅದಕ್ಕಿಂತ ಹೆಚ್ಚು ವೇಗದಲ್ಲಿ ಅದನ್ನು ಓಡಿಸಬಹುದು. ಆದರೆ ವೇಗ ಏರಿಸಿದಂತೆ ಅದು ಕಾಯುತ್ತದೆ, ಕಾದರೆ ತಪ್ಪು ಮಾಡುತ್ತದೆ, ಕೊನೆಗೆ ನಿಂತುಹೋಗುತ್ತದೆ. ತಂಪು ಮಾಡಿದಷ್ಟೂ ಓಡುತ್ತದೆ. ಯಾವುದೋ ಕಚೇರಿಯವರು ಎಸೆದ ಕಂಪ್ಯೂಟರಿನಿಂದ ಅವರಿಗೆ ಒಂದು ಪ್ರೊಸೆಸರ್ ಸಿಕ್ಕಿತ್ತು. ಕಾರ್ಖಾನೆ ಕೊಟ್ಟ ವೇಗ ಮೂರು ಸಾವಿರದ ಮುನ್ನೂರು ಮೆಗಾಹರ್ಟ್ಸ್. ದೊಡ್ಡ ಫ್ಯಾನು ಕೂರಿಸಿ ಅದನ್ನು ನಾಲ್ಕೂವರೆ ಸಾವಿರ ಮುಟ್ಟಿಸಿದ್ದರು. ಐಸ್‌ಕ್ಯಾಂಡಿಯವರ ಮಂಜುಗಡ್ಡೆ ತಂದು ತಣ್ಣೀರು ಹರಿಸಿ ನಾಲ್ಕು ಸಾವಿರದ ಏಳುನೂರು. ಐದು ಸಾವಿರ ದಾಟಬೇಕಾದರೆ ಡ್ರೈ ಐಸ್ ಬೇಕು. ನೀರಿನ ಮಂಜುಗಡ್ಡೆಯಲ್ಲ, ಕಾರ್ಬನ್ ಡೈಆಕ್ಸೈಡನ್ನು ಹೆಪ್ಪುಗಟ್ಟಿಸಿದ್ದು. ಕರಗಿ ನೀರಾಗದೆ ನೇರವಾಗಿ ಹೊಗೆಯಾಗಿ ಹೋಗುವಂಥದ್ದು. ಮದುವೆಗಳಲ್ಲಿ ಹೊಗೆ ಬಿಡುವವರು ಮಂಗಳೂರಿನಿಂದ ತರಿಸುತ್ತಾರೆ, ಅವರಲ್ಲೊಬ್ಬನಿಗೆ ಹೇಳಿದ್ದೇನೆ ಎಂದರು.

"ಐದು ಸಾವಿರ ಆದ್ರೆ ಎಂಥ ಸಿಗ್ತದೆ?" ಎಂದೆ.

"ಎಂಥದೂ ಇಲ್ಲ. ಒಂದು ನಿಮಿಷ ಓಡಿದ್ರೆ ಹೆಚ್ಚು." ಬ್ರಶ್ಶನ್ನು ಕಿಸೆಗೆ ಹಾಕಿಕೊಂಡರು. "ಇಷ್ಟು ವರ್ಷ ಹಾಳಾದದ್ದನ್ನು ಮೊದಲಿನ ಹಾಗೆ ಮಾಡಿ ಕೊಟ್ಟೆ ಮೇಡಂ. ರಿಪೇರಿ ಅಂದ್ರೆ ಅಷ್ಟೇ ಅಲ್ವಾ, ಮೊದಲಿನ ಹಾಗೆ. ಮೊದಲಿಗಿಂತ ಹೆಚ್ಚು ಆದದ್ದನ್ನು ಒಮ್ಮೆ ನನ್ನ ಕಣ್ಣಲ್ಲಿ ನೋಡ್ಬೇಕು. ಈಗ ಯಾರು ಕಂಪ್ಯೂಟರ್ ತರ್ತಾರೆ, ಎಲ್ಲ ಮೊಬೈಲೇ. ಅಂಗಡಿ ಇನ್ನೆಷ್ಟು ದಿನವೋ."

ನನ್ನ ಕಣ್ಣಲ್ಲಿ ಎಂದರೋ, ಒಮ್ಮೆ ನೋಡಬೇಕು ಎಂದಷ್ಟೇ ಅಂದರೋ... ಈಗ ಆ ಎರಡು ಪದಗಳ ಮೇಲೆ ಇಷ್ಟೊಂದು ಭಾರ ಹಾಕುತ್ತಿರುವುದರಿಂದಲೇ ಅವನ್ನು ನಂಬಲು ಹೆದರಿಕೆಯಾಗುತ್ತದೆ.

ಲ್ಯಾಬಿನ ಥರ್ಮೋಕಪಲ್ ಮೀಟರನ್ನು ರಿಜಿಸ್ಟರಿನಲ್ಲಿ ಬರೆದು ತೆಗೆದುಕೊಂಡೆ. ಅಂಗೈಯಗಲದ ಪೆಟ್ಟಿಗೆ, ಅದರಿಂದ ಹೊರಟ ತಂತಿಯ ತುದಿಯನ್ನು ಯಾವುದಕ್ಕೆ ತಾಗಿಸಿದರೆ ಅದರ ಉಷ್ಣತೆ ಅಂಕಿಯಲ್ಲಿ ಮೂಡುತ್ತದೆ. ರಜೆಯ ದಿನ ಬೆಳ್ತಂಗಡಿಯ ನಮ್ಮ ಮನೆಯಿಂದ ಅದನ್ನು ಟಿಫಿನ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಮಾಷ್ಟ್ರ ಮನೆ ಪೇಟೆಯ ಹಿಂದೆ, ಅಂಗಡಿಯಿಂದ ಐದು ನಿಮಿಷದ ನಡಿಗೆ. ಮನೆಯಲ್ಲಿ ಅವರು ಮತ್ತು ಅವರ ಅಮ್ಮ, ಇಬ್ಬರೇ. ಹೊಗೆಗೆ ಗಾಳಿಯಾಡಬೇಕು ಎಂದು ಜಗಲಿಯಲ್ಲೇ ಮೇಜು ಹಾಕಿದ್ದರು. ಮೇಜಿನ ಮೇಲೆ ಪೆಟ್ಟಿಗೆ ಬಿಚ್ಚಿದ ಕಂಪ್ಯೂಟರು, ಪಕ್ಕದಲ್ಲಿ ಪರದೆ. ಪ್ರೊಸೆಸರಿನ ಮೇಲೆ ಒಂದು ತಾಮ್ರದ ಪಾತ್ರೆ. ಲೋಟದಷ್ಟು ಎತ್ತರ, ತಳ ಎರಡು ಬೆರಳು ದಪ್ಪ, ಬಿ.ಸಿ. ರೋಡಿನ ಲೇತಿನವರಲ್ಲಿ ಮಾಡಿಸಿದ್ದು. ಅದರ ಸುತ್ತ ಏಸಿಯ ಪೈಪಿಗೆ ಸುತ್ತುವ ಕಪ್ಪು ಸ್ಪಂಜು. ಬೋರ್ಡಿಗೆಲ್ಲ ವ್ಯಾಸಲೀನ್ ಬಳಿದಿದ್ದರು. ನಮ್ಮ ಕಡೆಯ ಗಾಳಿಯಲ್ಲಿ ಅಷ್ಟು ತಣ್ಣಗಿನ ವಸ್ತು ಇಟ್ಟರೆ ಅದರ ಮೈಯೆಲ್ಲ ಬೆವರುತ್ತದೆ, ಒಂದು ಹನಿ ಒಳಗಿಳಿದರೆ ಸಾಕು, ಬೋರ್ಡು ಹೋದಂತೆ.

ಐಸು ಬೆಳಿಗ್ಗೆ ಹನ್ನೊಂದಕ್ಕೆ ಬರಬೇಕಿತ್ತು. ಹನ್ನೆರಡಾಯಿತು. ಮಾಷ್ಟ್ರು ಫೋನ್ ಮಾಡಿದರು. "ಹತ್ತು ನಿಮಿಷ ಮಾಷ್ಟ್ರೇ, ಇಲ್ಲೇ ಪುಂಜಾಲಕಟ್ಟೆಯಲ್ಲಿದ್ದೇನೆ," ಎಂದು ಆ ಕಡೆಯ ದನಿ. ಒಂದು ಗಂಟೆಗೆ ಮಾಡಿದರು, ಹತ್ತು ನಿಮಿಷ. ಎರಡಕ್ಕೂ ಹತ್ತು ನಿಮಿಷ. ನಾನು ಪೇಟೆಯ ಹೋಟೆಲಿಗೆ ಹೋಗಿ ಊಟ ಮಾಡಿ ಬಂದೆ. ಮಾಷ್ಟ್ರು ಏನೂ ತಿಂದಿರಲಿಲ್ಲ. ಗಡಿಯಾರ ನೋಡುತ್ತಿರಲಿಲ್ಲ ಅವರು, ಅಂಗಳದಲ್ಲಿ ತುಳಸಿಕಟ್ಟೆಯ ನೆರಳು ಎಷ್ಟು ದೂರ ಬಂತೆಂದು ನೋಡುತ್ತಿದ್ದರು. ತುಳಸಿಕಟ್ಟೆ? ಅವರ ಅಂಗಳದಲ್ಲಿ ಅದು ಇತ್ತೇ? ಏನೋ ಒಂದರ ನೆರಳು.

"ಇವತ್ತು ಚತುರ್ದಶಿ ಮೇಡಂ," ಎಂದರು. "ಅಮ್ಮನಿಗೆ ಒಂದೇ ಊಟ."

ಅದರ ಕ್ರಮವನ್ನು ಅವರು ಹೇಳಿದ್ದು ಹೀಗೆ. ಆ ದಿನಗಳಲ್ಲಿ ಅಮ್ಮ ಒಮ್ಮೆ ಕೂರುತ್ತಾರೆ, ಒಮ್ಮೆ ಉಣ್ಣುತ್ತಾರೆ. ಎದ್ದರೆ ಮುಗಿಯಿತು, ಮರುದಿನ ಬೆಳಕಾಗುವವರೆಗೆ ನೀರೂ ಇಲ್ಲ. ಉಣ್ಣುವಾಗ ತಟ್ಟೆಯಲ್ಲಿ ಒಂದು ಕೂದಲೋ ಇರುವೆಯೋ ಕಂಡರೆ ಅಲ್ಲಿಗೇ ನಿಲ್ಲಿಸಬೇಕು. ಸೂರ್ಯ ಮುಳುಗುವುದಕ್ಕೆ ಎರಡು ಗಳಿಗೆ ಮೊದಲು ಎಲ್ಲ ಮುಗಿದಿರಬೇಕು. ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದ್ದರಿಂದ ಮಗ ಎದುರಿಗೆ ಕೂತು ಒಂದೊಂದು ತುತ್ತನ್ನೂ ನೋಡಿ ಹೇಳಬೇಕು. ಅವರು ನೋಡದೆ ಅಮ್ಮ ಕೈ ಎತ್ತುತ್ತಿರಲಿಲ್ಲ. ಹಿಂದೆ ಒಮ್ಮೆ ಅಂಗಡಿಯಲ್ಲಿ ತಡವಾಗಿ, ಇವರು ಬರುವಾಗ ಹೊತ್ತು ಮೀರಿತ್ತು. ಅಮ್ಮ ತಟ್ಟೆ ಮುಚ್ಚಿಟ್ಟು ಜಗಲಿಯಲ್ಲಿ ಕೂತಿದ್ದರು.

"ಬೈಲಿಲ್ಲ ಮೇಡಂ. ಬೈದಿದ್ರೆ ಒಳ್ಳೇದಿತ್ತು."

ಚತುರ್ದಶಿಗಳಲ್ಲಿ ಯಾವಾಗಲೂ ಮಧ್ಯಾಹ್ನವೇ ಮುಗಿಯುವ ಊಟ ಅದು. ಆ ದಿನ ಮಾತ್ರ ಇವರೇ ಮುಂದೆ ಹಾಕಿಸಿದ್ದರು. ಐಸು ಹನ್ನೊಂದಕ್ಕೆ ಬರುತ್ತದೆ, ಎರಡರೊಳಗೆ ಮುಗಿಯುತ್ತದೆ, ಆಮೇಲೆ ಸಮಾಧಾನದಲ್ಲಿ ಕೂರುವ ಎಂದಿದ್ದರು. ಅಮ್ಮ ಆಯಿತು ಎಂದಿದ್ದರು. ಹಾಗೆ ಹತ್ತು ಹತ್ತು ನಿಮಿಷವೇ ಸೇರಿ ಸಂಜೆಯ ಹತ್ತಿರ ಬಂದಿತ್ತು.

ಹೊಗೆಯವನ ಓಮ್ನಿ ಅಂಗಳಕ್ಕೆ ಬಂದಾಗ ನಾಲ್ಕು ದಾಟಿತ್ತು. ಇಪ್ಪತ್ತೈದರ ಹುಡುಗಾಟದ ಮುಖ, ಹೂವಿನ ಅಂಗಿ. ಥರ್ಮೋಕೋಲ್ ಪೆಟ್ಟಿಗೆಯನ್ನು ಜಗಲಿಯ ಮೇಲಿಟ್ಟ. ಮಾಷ್ಟ್ರು ಮುಚ್ಚಳ ತೆಗೆದು ನೋಡಿದರು. ಕಾಲು ಭಾಗವೂ ಇರಲಿಲ್ಲ.

"ಪೆಟ್ಟಿಗೆ ತುಂಬ ಹೇಳಿದ್ದು ಮಾರಾಯ. ಉಳಿದದ್ದು ಎಲ್ಲಿ?"

"ಮದುಮಗಳ ಕಾಲಡಿಗೆ ಹೋಯ್ತು ಮಾಷ್ಟ್ರೇ," ಎಂದ ಅವನು. "ಅವಳು ಎರಡು ಸಲ ನಡೆದಳು. ಮೊದಲ ಸಲ ವಿಡಿಯೋದವನ ಬ್ಯಾಟರಿ ಹೋಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಮತ್ತೆ ಪುನಃ ಬಾಗಿಲಿಂದ ನಡೆಸಿದ್ರು. ಎರಡನೇ ಸಲ ಅವಳ ಮುಖದಲ್ಲಿ ನಗೆ ಇಲ್ಲ, ಹೊಗೆ ಮಾತ್ರ."

"ನಾನು ಬೆಳಿಗ್ಗೆಯಿಂದ ಕಾಯ್ತಾ ಇದ್ದೇನೆ."

"ಅವರು ವರ್ಷದಿಂದ ಕಾದಿದ್ರು ಮಾಷ್ಟ್ರೇ. ಇದರಲ್ಲಿ ಎಷ್ಟು ಆಗ್ತದೆ ಅಷ್ಟು ಮಾಡುವ."

ಒಮ್ಮೆ ಓಡಿಸುವಷ್ಟು ಮಾತ್ರ ಇತ್ತು. ನಾಳೆಗೆ ಇಡುವ ಹಾಗಿಲ್ಲ, ನೋಡುತ್ತಿದ್ದಂತೆ ಅದು ಗಾಳಿಗೆ ಹೋಗುತ್ತದೆ. ಮಾಷ್ಟ್ರು ಅಂಗಳದ ನೆರಳನ್ನೊಮ್ಮೆ ನೋಡಿ ಕೈಗವಸು ಹಾಕಿಕೊಂಡರು.

ತಾಮ್ರದ ಪಾತ್ರೆಯ ತಳಕ್ಕೆ ಬೋರ್ಡು ತೊಳೆಯುವ ಸ್ಪಿರಿಟ್ ಸ್ವಲ್ಪ ಹೊಯ್ದು, ಸುತ್ತಿಗೆಯಿಂದ ಪುಡಿಮಾಡಿದ ಐಸನ್ನು ಮರದ ಸೌಟಿನಲ್ಲಿ ಹಾಕತೊಡಗಿದರು. ಪಾತ್ರೆ ಕೊತಕೊತ ಎಂದಿತು. ಬಿಳಿ ಹೊಗೆ ಬಾಯಿ ತುಂಬಿ, ಮೇಜಿನ ಮೇಲೆ ಹರಡಿ, ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಮೂಗಿನಲ್ಲಿ ಆ ಚುರುಕು. ಅಮ್ಮ ಹೊಸಿಲಲ್ಲಿ ಬಂದು ನಿಂತರು. ಬಿಳಿ ಸೀರೆ, ಕಣ್ಣನ್ನು ಕಿರಿದು ಮಾಡಿ ನೋಡುವ ಅಭ್ಯಾಸ.

"ಇದೆಂಥದು ಮಗಾ, ಹೊಗೆ ಉಂಟು, ಬೆಂಕಿ ಎಲ್ಲಿ?"

"ಬೆಂಕಿ ಇಲ್ಲಮ್ಮ, ಇದು ತಂಪಿನ ಹೊಗೆ."

"ನನಗಂತೂ ಎಲ್ಲ ದಿನವೂ ಹೀಗೇ ಕಾಣುದು," ಎಂದು ಅಮ್ಮ ಒಳಗೆ ಹೋದರು.

ಹೊಗೆಯವನು ನಕ್ಕ. ಅವನಿಗೆ ಇನ್ನೊಂದು ಕಡೆ ಕಾರ್ಯಕ್ರಮವಿತ್ತು, ಹೊರಟು ಹೋದ. ನನ್ನ ಕೆಲಸ ನಿಮಿಷಕ್ಕೊಮ್ಮೆ ಮೀಟರಿನ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು. ಮೈನಸ್ ಹನ್ನೆರಡು. ಮೈನಸ್ ಇಪ್ಪತ್ತೊಂಬತ್ತು. ಪರದೆಯ ಮೂಲೆಯಲ್ಲಿ ವೇಗದ ಅಂಕಿ. ಮಾಷ್ಟ್ರು ಒಂದೊಂದೇ ಕೀ ಒತ್ತುತ್ತ ಏರಿಸುತ್ತಿದ್ದರು. ನಾಲ್ಕು ಸಾವಿರದ ಎಂಟುನೂರು ದಾಟಿತು. ನಾಲ್ಕು ಸಾವಿರದ ಒಂಬೈನೂರ ಅರವತ್ತರಲ್ಲಿ ಅಂಕಿ ನಿಂತಿತು. ಇನ್ನೂ ತಂಪಾಗದೆ ಮೇಲೆ ಹೋಗುವಂತಿರಲಿಲ್ಲ. ಐಸು ಹಾಕುತ್ತ ಕಾಯಬೇಕಿತ್ತು, ಐದಾರು ನಿಮಿಷವೋ ಹತ್ತೋ.

ಆಗ ಒಳಗಿನಿಂದ ಅಮ್ಮ, "ಮಗಾ, ಬೆಳಕು ಹೋಗ್ತಾ ಉಂಟು," ಎಂದರು. ದೂರಿನ ದನಿಯಲ್ಲ. ಮಳೆ ಬರುತ್ತಿದೆ ಎಂದ ಹಾಗೆ.

ಮಾಷ್ಟ್ರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾನೇ ಹೇಳಿದೆ, "ನೀವು ಇಲ್ಲೇ ಇರಿ. ಅಮ್ಮನ ತಟ್ಟೆ ನಾನು ನೋಡ್ತೇನೆ."

ಅವರು ಒಂದು ಕ್ಷಣ ಯೋಚಿಸಿದರು. ನಿಜಕ್ಕೂ ಯೋಚಿಸಿದರು, ಅದು ಮುಖದಲ್ಲಿ ಕಾಣುತ್ತಿತ್ತು. ಮತ್ತೆ, "ಮಧ್ಯಾಹ್ನ ಹೋಟೆಲಲ್ಲಿ ಎಂಥ ಊಟ ಮಾಡಿದ್ದು ನೀವು?" ಎಂದರು.

"ಮೀನಿನದ್ದು," ಎಂದೆ.

"ಅಮ್ಮನಿಗೆ ಕಣ್ಣು ಮಾತ್ರ ಕಾಣುದಿಲ್ಲ ಮೇಡಂ. ನೀವು ಹೊಸಿಲು ದಾಟುವಾಗಲೇ ಹೇಳ್ತಾರೆ, ಬಂಗುಡೆಯಾ ಬೂತಾಯಿಯಾ ಅಂತ." ಆ ದಿನ ಅವರು ನಕ್ಕದ್ದು ಅದೊಂದು ಸಲ. ಸೌಟನ್ನು ನನ್ನ ಕೈಗೆ ಕೊಟ್ಟರು. "ಐಸು ಹಾಕ್ತಾ ಇರಿ. ಮೀಟರ್ ಐವತ್ತು ಮುಟ್ಟಿದ್ರೆ ಈ ಕೀ ಒತ್ತಿ, ಒಂದೊಂದೇ ಸಲ. ಐದು ಸಾವಿರ ದಾಟಿದ ಕೂಡ್ಲೇ ಈ ಸೇವ್ ಒತ್ತಿ. ಅದು ಒತ್ತಿದ್ರೆ ಅಂಕಿ ಉಳೀತದೆ, ಇಲ್ಲದಿದ್ರೆ ಇಲ್ಲ. ಬೇರೆಂಥ ಮಾಡ್ಬೇಡಿ ಆಯ್ತಾ." ಕೈಗವಸು ತೆಗೆದರು, ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದರು, ಬೇರೆ ಪಂಚೆ ಉಟ್ಟು ಒಳಗೆ ಹೋದರು.

ಇಲ್ಲಿಂದ ಮುಂದಿನದನ್ನು ನಾನು ಬಹಳ ಸಲ ಮನಸ್ಸಿನಲ್ಲಿ ಓಡಿಸಿದ್ದೇನೆ, ಎಷ್ಟು ಸಲವೆಂದರೆ ಅಂಚೆಲ್ಲ ಸವೆದುಹೋಗಿದೆ. ಹೊಗೆ. ಒಳಗಿನಿಂದ ಮಾಷ್ಟ್ರ ದನಿ, ಸ್ವಲ್ಪ ಸ್ವಲ್ಪ ಹೊತ್ತಿಗೆ, "ಆಯ್ತಮ್ಮ... ಆಯ್ತು... ಇದು ಆಯ್ತು." ಒಂದೊಂದು ತುತ್ತಿಗೆ ಒಂದೊಂದು ಆಯ್ತು. ನನ್ನ ಎಡಗೈಯಲ್ಲಿ ಸೌಟು. ಮೀಟರು ಪರದೆಗೆ ಒರಗಿಸಿಟ್ಟಿತ್ತು, ಎರಡು ಅಂಕಿಗಳೂ ಪಕ್ಕಪಕ್ಕ. ನೋಟ್‌ಬುಕ್ಕಿನಲ್ಲಿ ಬರೆದೆ: ಮೈನಸ್ 48.6. ಮೈನಸ್ 49.3. ಐವತ್ತು ದಾಟಿತು, ಅದನ್ನೂ ಬರೆದೆ. ಕೀ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಹೊಗೆ ಪರದೆಯ ಮುಂದೆ ಬಂತು, ಕೈಯಿಂದ ಬೀಸಿದೆ, ಸರಿಯಿತು. ಅಲ್ಲಿ ಅಂಕಿ ಇತ್ತು. ಐದು, ಸೊನ್ನೆ, ಒಂದು, ಎರಡು.

ನಾನು ಸೇವ್ ಒತ್ತಲಿಲ್ಲ. "ಮಾಷ್ಟ್ರೇ, ಬನ್ನಿ, ಬನ್ನಿ," ಎಂದು ಕೂಗಿದೆ.

ಯಾಕೆ ಕೂಗಿದೆ? ಅವರ ಕಣ್ಣಿಗೆ ಬೀಳಲಿ ಎಂದು. ಉಳಿಸಿಟ್ಟ ಅಂಕಿಯನ್ನು ಆಮೇಲೆ ನೋಡುವುದು ಬೇರೆ, ಓಡುತ್ತಿರುವಾಗ ನೋಡುವುದು ಬೇರೆ ಎಂದು ಆ ಕ್ಷಣ ನನಗೆ ತೋಚಿತು. ಇದು ಒಳ್ಳೆಯ ಕಾರಣ. ಒಳ್ಳೆಯ ಕಾರಣವಾದ್ದರಿಂದ ಆಮೇಲೆ ಹುಟ್ಟಿಸಿಕೊಂಡದ್ದೂ ಇರಬಹುದು. ಬರೇ ಗಾಬರಿ ಇದ್ದಿರಬಹುದು. ಒಳಗೆ "ಆಯ್ತಮ್ಮ" ಎಂಬ ದನಿ ನಿಂತಿತು. ಹೆಜ್ಜೆಯ ಸದ್ದಿಗೆ ಕಾದೆ. ಬರಲಿಲ್ಲ. ಮತ್ತೆ, ಮೆಲ್ಲಗೆ, "ಆಯ್ತಮ್ಮ" ಎಂದು ಕೇಳಿತು. ಅಷ್ಟರಲ್ಲಿ ಪರದೆ ನೀಲಿಯಾಗಿ, ಕಪ್ಪಾಯಿತು.

ಮಾಷ್ಟ್ರು ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಪರದೆಯನ್ನೂ ನನ್ನನ್ನೂ ನೋಡಿದರು.

"ಎಷ್ಟು ಬಂತು?"

"ಐದು ಸಾವಿರದ ಹನ್ನೆರಡು."

"ಸೇವ್?"

"ಇಲ್ಲ... ನಿಮ್ಮನ್ನು ಕರೆದೆ."

"ಕೇಳಿತು ಮೇಡಂ," ಎಂದರು. "ಅಮ್ಮನದ್ದು ಇನ್ನು ಎರಡು ತುತ್ತು ಇತ್ತು."

ಪೆಟ್ಟಿಗೆಯಲ್ಲಿ ಐಸು ಮುಗಿದಿತ್ತು. ತಳದಲ್ಲಿ ಉಪ್ಪಿನಷ್ಟು ಪುಡಿ, ಅದೂ ನೋಡುತ್ತಿದ್ದಂತೆ ಇಲ್ಲವಾಯಿತು. ಅವರು ಬೈಯಲಿಲ್ಲ. ಒಂದು ತುಂಡು ಬಿಳಿ ಟೇಪಿನ ಮೇಲೆ 5012 ಎಂದು ಬರೆದು ತಾಮ್ರದ ಪಾತ್ರೆಗೆ ಅಂಟಿಸಿದರು. "ನೀವು ನೋಡಿದ್ರಲ್ಲ, ಸಾಕು," ಎಂದರು.

ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ಖುಷಿಯಲ್ಲೇ ಇದ್ದೆ. ಆ ಖುಷಿ ಇಳಿದದ್ದು ಮೂರು ದಿನ ಬಿಟ್ಟು, ನೋಟ್‌ಬುಕ್ಕಿನ ಅಂಕಿಗಳನ್ನು ನೀಟಾಗಿ ಇನ್ನೊಂದು ಪುಟಕ್ಕೆ ಇಳಿಸುವಾಗ. ಉಷ್ಣತೆಯ ಸಾಲಿನ ಕೊನೆಯ ಅಂಕಿ: ಮೈನಸ್ 50.1. ಐದು, ಸೊನ್ನೆ, ಒಂದು. ಪರದೆಯಲ್ಲಿ ಕಂಡದ್ದು ಐದು, ಸೊನ್ನೆ, ಒಂದು, ಎರಡು. ಹೊಗೆ ಬೀಸಿ ಸರಿಸಿದಾಗ ನನ್ನ ಕಣ್ಣು ಮೊದಲು ಯಾವುದರ ಮೇಲೆ ಬಿತ್ತು? ಪರದೆಯ ಅಂಕಿಯನ್ನು ನಾನು ಬರೆದುಕೊಂಡಿರಲಿಲ್ಲ, ಅದು ಕಂಪ್ಯೂಟರೇ ಉಳಿಸಿಕೊಳ್ಳಬೇಕಾಗಿತ್ತು. ಮೀಟರಿನ ಮೂರು ಅಂಕಿ ನೋಡಿ, ಅದಕ್ಕೊಂದು ಬಾಲ ಅಂಟಿಸಿ, ಪರದೆಯಲ್ಲಿ ಕಂಡೆ ಎಂದುಕೊಂಡೆನೇ? ಪೆನ್ನು ಹಿಡಿದು ಕೂತೇ ಇದ್ದೆ.

ಆ ವಾರದಲ್ಲೇ ಮಾಷ್ಟ್ರ ಫೋನ್ ಬಂತು. ಬೋರ್ಡನ್ನು ಎರಡು ದಿನ ಬಲ್ಬಿನ ಕೆಳಗೆ ಒಣಗಿಸಿದ್ದೇನೆ, ಜೀವ ಉಂಟು ಎಂದರು. ಮತ್ತೆ, "ಒಂದು ಕೇಳ್ತೇನೆ ಮೇಡಂ. ಆ ಅಂಕಿ ಖಂಡಿತಾ ನೋಡಿದ್ದಲ್ವಾ? ಖಂಡಿತ ಆದ್ರೆ ಇನ್ನೊಮ್ಮೆ ಬೇಡ, ಅಮ್ಮನನ್ನು ಮತ್ತೆ ಹಾಗೆ ಕೂರಿಸುದು ಬೇಡ. ಸ್ವಲ್ಪ ಸಂಶಯ ಇದ್ರೆ ಹೇಳಿ, ಬೇರೆ ದಿನ ನೋಡಿ ಐಸು ತರಿಸುವ."

ಅಷ್ಟು ಸ್ಪಷ್ಟವಾಗಿ ಕೇಳಿದ್ದರು. ಸಂಶಯ ಇದೆ ಎಂದಿದ್ದರೆ ಮುಗಿಯುತ್ತಿತ್ತು. ಚತುರ್ದಶಿ ಅಲ್ಲದ ಒಂದು ದಿನ ಐಸು ಬರುತ್ತಿತ್ತು, ಅವರು ಎದುರಿಗೆ ನಿಂತಿರುತ್ತಿದ್ದರು. ನೋಟ್‌ಬುಕ್ಕು ನನ್ನ ತೊಡೆಯ ಮೇಲೆಯೇ ಇತ್ತು.

"ಖಂಡಿತ ಮಾಷ್ಟ್ರೇ," ಎಂದೆ.

ಒಂದು ಕೀ ಒತ್ತಲು ಹೇಳಿದ್ದನ್ನು ಮಾಡದವಳು, ಈಗ ನೋಡಿದ್ದೂ ಗೊತ್ತಿಲ್ಲ ಎನ್ನಬೇಕಿತ್ತು. ಭೌತಶಾಸ್ತ್ರ ಕಲಿಸುವವಳು. ಬಾಯಿ ಬರಲಿಲ್ಲ.

ಆಮೇಲೆ ನನಗೆ ಘಟ್ಟದ ಮೇಲೆ ಕೆಲಸ ಸಿಕ್ಕಿತು. ತಿಂಗಳಿಗೊಮ್ಮೆ ಚಾರ್ಮಾಡಿ ಇಳಿದು ಬರುತ್ತಿದ್ದೆ. ಒಮ್ಮೆ ಬಂದಾಗ ಮಾಷ್ಟ್ರ ಅಮ್ಮ ಹೋದರೆಂದು ಗೊತ್ತಾಯಿತು. ಇನ್ನೊಮ್ಮೆ, ಬಂಟ್ವಾಳಕ್ಕೆ ಹೋಗುವ ದಾರಿಯಲ್ಲಿ ಮಡಂತ್ಯಾರಿನಲ್ಲಿ ಇಳಿದೆ. ಅವರು ಅಂಗಡಿ ಖಾಲಿ ಮಾಡುತ್ತಿದ್ದರು. ಬೋರ್ಡುಗಳನ್ನು ಗೋಣಿಗೆ ತುಂಬುತ್ತಿದ್ದರು, ತುಂಬುವ ಮೊದಲು ಒಂದೊಂದನ್ನೂ ಬ್ರಶ್ಶಿನಿಂದ ಗುಡಿಸಿ. ಗುಜರಿಗೆ ಹೋಗುವುದನ್ನು ಗುಡಿಸುವುದು ಯಾಕೆ ಎಂದು ಕೇಳಲಿಲ್ಲ. ಮೇಜಿನ ಮೇಲೆ ತಾಮ್ರದ ಪಾತ್ರೆ, ಅದರಲ್ಲಿ ಸ್ಕ್ರೂಡ್ರೈವರುಗಳು. ಬಿಳಿ ಟೇಪು ಅದರ ಮೇಲಿರಲಿಲ್ಲ.

"ಕಣ್ಣು ಹೇಗುಂಟು ಮೇಡಂ?" ಎಂದರು. ನನಗೆ ಕನ್ನಡಕ ಬಂದಿತ್ತು, ಅದಕ್ಕೆ ಕೇಳಿದ್ದು. ಅದಕ್ಕೇ ಕೇಳಿದ್ದಿರಬೇಕು.

"ದೂರದ್ದು ಸ್ವಲ್ಪ ಮಂಜು."

"ಆ ದಿನ ಹತ್ತಿರದಲ್ಲೇ ಇತ್ತಲ್ಲ," ಎಂದರು. ನಕ್ಕರೆಂದು ನನ್ನ ನೆನಪು. ನಾನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಂಟ್ವಾಳದ ಬಸ್ಸು ಬಂತು. ಇಲ್ಲ, ಬಸ್ಸು ಬಂದದ್ದು ಆಮೇಲೆ, ಬೇಕಾದಷ್ಟು ಹೊತ್ತು ಆದಮೇಲೆ. ಹೇಳಲಿಲ್ಲ ಅಷ್ಟೆ.

ಮಾಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ಎದೆನೋವು ಎಂದರಂತೆ, ಆಸ್ಪತ್ರೆ ಮುಟ್ಟಲಿಲ್ಲವಂತೆ. ನನಗೆ ತಿಳಿಯುವಾಗ ಎರಡು ತಿಂಗಳು ಕಳೆದಿತ್ತು. ಅಂಗಡಿಯಿದ್ದಲ್ಲಿ ಈಗ ಮೊಬೈಲಿಗೆ ಗ್ಲಾಸು ಅಂಟಿಸುತ್ತಾರೆ.

ಕಳೆದ ವಾರ, ಆ ಮದುವೆಯಲ್ಲಿ, ಊಟಕ್ಕೆ ಹೋಗದೆ ಸಭಾಭವನದ ಹಿಂದಿನ ಬಾಗಿಲಿಗೆ ಹೋದೆ. ಹೊಗೆಯ ಯಂತ್ರವನ್ನು ವ್ಯಾನಿಗೆ ಏರಿಸುತ್ತಿದ್ದವನು ಅವನೇ. ಹೊಟ್ಟೆ ಬಂದಿತ್ತು, ಗಡ್ಡದಲ್ಲಿ ಒಂದೆರಡು ಬಿಳಿ. ಗುರುತು ಹೇಳಿದೆ. ಮಡಂತ್ಯಾರು, ಕಂಪ್ಯೂಟರ್ ಮಾಷ್ಟ್ರು, ಎರಡು ಸಲ ನಡೆದ ಮದುಮಗಳು.

"ಓ, ಅದೇ ನೀವಾ ಅಕ್ಕ?" ಎಂದ. "ಪಾಪದ ಮನುಷ್ಯ. ನನ್ನಿಂದ ಆ ದಿನ ತಡ ಆಯ್ತು, ಮತ್ತೆ ಬೇಜಾರಾಯ್ತು ನನಗೆ. ಅದಕ್ಕೇ ಎರಡನೇ ಸಲ ಕೇಳುವಾಗ ಪೆಟ್ಟಿಗೆ ತುಂಬ ತಂದು ಕೊಡ್ತೇನೆ ಹೇಳಿದ್ದೆ."

"ಎರಡನೇ ಸಲ?"

"ಹೌದು, ಮತ್ತೊಮ್ಮೆ ಕೇಳಿದ್ರು. ಅವರ ಅಮ್ಮ ಹೋದ ಮೇಲೆ."

"ಅಂಗಡಿ ಮುಚ್ಚುವ ಮೊದಲಾ, ಆಮೇಲಾ?"

ಅವನು ಯಂತ್ರದ ಮೇಲೆ ಕೈಯಿಟ್ಟು ಯೋಚಿಸಿದ. "ಅದು ನೆನಪಿಲ್ಲಕ್ಕ."

"ತಂದು ಕೊಟ್ಟಿದ್ದೀರಾ?"

"ಕೊಟ್ಟೆ ಅಂತ ಕಾಣ್ತದೆ... ಅಥವಾ ಆ ವಾರ ಲೋಡು ಬರಲಿಲ್ವೋ. ಎಷ್ಟು ಜನರಿಗೆ ಕೊಡ್ತೇವೆ, ಎಲ್ಲಿ ನೆನಪಿರ್ತದೆ." ವ್ಯಾನಿನ ಬಾಗಿಲು ಹಾಕಿದ. "ಊಟ ಆಯ್ತಾ ಅಕ್ಕ? ಹೋಗಿ, ಎರಡನೇ ಪಂಕ್ತಿ ಕೂತಾಯ್ತು."

ಹೋಗಿ ಊಟ ಮಾಡಿದೆ. ಮನೆಗೆ ಬಂದು ಆ ನೋಟ್‌ಬುಕ್ಕು ಹುಡುಕಿ ತೆಗೆದೆ. ಮೈನಸ್ 50.1, ನನ್ನದೇ ಅಕ್ಷರ. ಮುಂದೆ ಏನೂ ಇಲ್ಲ.

ನನ್ನ ಮಾತನ್ನು ಮಾಷ್ಟ್ರು ನಂಬಿರಲಿಲ್ಲ, ಅಥವಾ ನಂಬಿಯೂ ಒಮ್ಮೆ ತಾವೇ ನೋಡಬೇಕೆಂದುಕೊಂಡರು. ಯಾವುದು ಎಂದು ನನಗೆ ಗೊತ್ತಿಲ್ಲ. ಎರಡನೆಯ ಸಲ ಐಸು ಬಂತೋ, ಬಂದಿದ್ದರೆ ಆ ಖಾಲಿ ಜಗಲಿಯಲ್ಲಿ ಅಂಕಿ ಐದು ಸಾವಿರ ದಾಟಿತೋ, ಅವರು ಅದನ್ನು ನೋಡಿದರೋ, ಗೊತ್ತಿಲ್ಲ. ಆ ದಿನ ನಾನು ನೋಡಿದ್ದು ಪರದೆಯನ್ನೋ ಮೀಟರನ್ನೋ, ಅದೂ ಗೊತ್ತಿಲ್ಲ.